ಒಗೆಯದ ಬಟ್ಟೆಯ ಹಿಡಿ

ನಾದಿನಿ ಚೀಲ ಬಿಚ್ಚಿದ ಕೂಡಲೇ ಅತ್ತಿಗೆ ಮೂಗು ಮುಚ್ಚಿಕೊಂಡಳು.

"ಥೂ! ಮೊದಲು ಒಗೆದು ತಾ. ಜಿಡ್ಡು ಬಟ್ಟೆಗೆ ರೆಸಿನ್ ಹಿಡಿಯಲ್ಲ."

"ಒಗೆದರೆ ಅಪ್ಪನ ವಾಸನೆ ಹೋಗಿಬಿಡುತ್ತೆ ಅತ್ತಿಗೆ."

ಕ್ಷೌರದಂಗಡಿಯಲ್ಲಿ ಅಪ್ಪ ಗಿರಾಕಿಗಳ ಕೊರಳಿಗೆ ಸುತ್ತುತ್ತಿದ್ದ ಬಿಳಿ ಬಟ್ಟೆ ಅದು. ಕುರ್ಚಿಯ ಪಕ್ಕದಲ್ಲೇ ಅವನು ಕುಸಿದು ತೀರಿಕೊಂಡ ದಿನ ಯಾರೋ ಅದನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದ್ದರು. ಅವನ ಕ್ಷೌರದ ಕತ್ತಿಯ ಹಿಡಿಯೂ ಅಂದೇ ನೆಲಕ್ಕೆ ಬಿದ್ದು ಸೀಳಿಹೋಗಿತ್ತು. ಇಂಥ ಕತ್ತಿಗಳಿಗೆ ಹಿಡಿ ಮಾಡುವುದೇ ಅತ್ತಿಗೆಯ ಕಸುಬು: ಬಟ್ಟೆಯ ಪದರಗಳಿಗೆ ರೆಸಿನ್ ಎಂಬ ಅಂಟುದ್ರವ ಕುಡಿಸಿ, ಒತ್ತಿ ಬಿಗಿದು, ಅದು ಕಲ್ಲಿನಂಥ ಹಲಗೆಯಾದ ಮೇಲೆ ಕೊಯ್ದು ಉಜ್ಜುವುದು. ನಾದಿನಿಗೆ ಬೇಕಾಗಿದ್ದು ಇಷ್ಟೇ: ಅಪ್ಪನ ಬಟ್ಟೆಯಿಂದಲೇ ಆ ಕತ್ತಿಗೆ ಹೊಸ ಹಿಡಿ, ಅದನ್ನು ಮುಟ್ಟಿದರೆ ಅಪ್ಪ ಸಿಗಬೇಕು.

"ನಮ್ಮ ಮೌನಗೌರಿಗೂ ಹಟ ಬಂತಲ್ಲಪ್ಪ! ಸರಿ, ಅರ್ಧ ಬಟ್ಟೆ ಮಾತ್ರ ಕತ್ತರಿಸು. ನೀನೇ ಮಾಡ್ಕೋ, ನಾನಂತೂ ಮುಟ್ಟಲ್ಲ."

ರೆಸಿನ್ ಬಳಿಯುವಾಗಲೇ ತುಂಡು ಕೂದಲು ಎದ್ದು ಬ್ರಷ್ಷಿಗೆ ಮೆತ್ತಿಕೊಂಡಿತು. ಅವಳು ಹಲ್ಲುಕಚ್ಚಿ ಬಳಿದಳು. ಮಾರನೆಯ ದಿನ ಹಲಗೆ ಕೊಯ್ದು ಉಪ್ಪುಕಾಗದದಿಂದ ತಿಕ್ಕಿದಾಗ ವಾಸನೆಯೇನೋ ಎದ್ದಿತು. ಹಳಸಿದ ತಲೆಯೆಣ್ಣೆ, ಯಾರದೋ ಕತ್ತಿನ ಬೆವರು, ಯಾರದೋ ತಲೆಹೊಟ್ಟು. ದೂಳಿಗೆಂದು ಮೂಗಿಗೆ ಕಟ್ಟಿದ್ದ ವಸ್ತ್ರ ಸರಿಸಿ ಮೂಸಿದಳು. ಅಪ್ಪ ಸಿಗಲಿಲ್ಲ. ಮೊಳೆಗೆಂದು ತೂತು ಕೊರೆಯುತ್ತಿದ್ದಂತೆ ಚಟ್ ಎಂದು ಪದರಗಳು ಬಾಯಿಬಿಟ್ಟವು. ಒಳಗೆ ಗಟ್ಟಿಯಾಗದ ಹಳದಿ ಲೋಳೆ, ಅದರಲ್ಲಿ ಕರಿಯ, ನರೆತ, ಬಣ್ಣ ಹಚ್ಚಿದ ಕೂದಲು. ಹಾರಿದ ಒಂದು ಸುರುಳಿ ಕೂದಲು ನಾಲಿಗೆಗೆ ಅಂಟಿತು. ಉಗಿದರೂ ಹೋಗಲಿಲ್ಲ. ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು.

ಅತ್ತಿಗೆ ಬಾಗಿಲಿಗೆ ಬಂದು ನಿಂತಳು. "ಸಿಕ್ಕಿದರಾ ಅಪ್ಪ?"

"ಇಲ್ಲ. ಊರವರೆಲ್ಲ ಇದ್ದಾರೆ."

"ಮಾವ ಹೇಗಿರ್ತಾರೆ ಅದರಲ್ಲಿ? ಬೇರೆಯವರ ಒಂದು ಕೂದಲು ಮನೆ ಹೊಸ್ತಿಲು ದಾಟೋಕೆ ಬಿಡ್ತಿದ್ರಾ? ದಿನಾ ಸಂಜೆ ಅಂಗಡಿ ಹಿಂದೆ ಇದೇ ಬಟ್ಟೆ ಕುದಿಸಿ, ಕೈ ಕೆಂಪಾಗೋವರೆಗೂ ಉಜ್ತಿದ್ರು. ಅವರಿಗೆ ನಿನಗಿಂತ ಜಾಸ್ತಿ ಹೇಸಿಗೆ ಆಗ್ತಿತ್ತು ಕಣೇ. ಆವತ್ತೊಂದು ದಿನ ಒಗೆಯೋದು ಉಳಿದುಹೋಯ್ತು, ಅಷ್ಟೇ."

ಅವಳಿಗೆ ಆಗ ನೆನಪಾಯಿತು. ಊಟಕ್ಕೆ ಕೂತಾಗ ಅಪ್ಪನ ಬಿರಿದ ಬೆರಳುಗಳಿಂದ ಬರುತ್ತಿದ್ದುದು ಬಟ್ಟೆ ಸೋಪಿನ ವಾಸನೆ.

ಬಾಯಿಬಿಟ್ಟ ಹಿಡಿಯನ್ನು ಇಕ್ಕಳದ ತುದಿಯಲ್ಲಿ ಹಿಡಿದು ಕಸಕ್ಕೆಸೆದಳು. ಉಳಿದರ್ಧ ಬಟ್ಟೆಯನ್ನು ಸೋಪು ಹಾಕಿ ಕುದಿಯಲಿಟ್ಟಳು. ನೀರಿನ ಮೇಲೆ ಬೂದು ನೊರೆ ಕೆನೆಗಟ್ಟಿತು. ಉಸಿರು ಬಿಗಿಹಿಡಿದು ಉಜ್ಜಿದಳು. ನೀರು ಚೆಲ್ಲಿ ಮತ್ತೆ ಕುದಿಸಿದಳು.

"ಸಾಕು ಬಿಡೇ, ಬಟ್ಟೆ ಸವೆದು ದಾರ ಆಗ್ತಿದೆ. ತಾ, ರೆಸಿನ್ ನಾನು ಕಲಸ್ತೀನಿ."

"ಇರಿ ಅತ್ತಿಗೆ." ಅವಳು ಕೆಂಪಾದ ಬೆರಳುಗಳಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಥೂ, ಇನ್ನೂ ಒಂದು ಕೂದಲಿದೆ."