ಕ್ಯಾಪ್ಟನ್ನನ ಕಣ್ಣು ಪರೀಕ್ಷೆ

ಒಂಬತ್ತು ಜನ ಹಿಡಿಸುವ ಒಂದು ದೋಣಿ ಇದ್ದ ಮಾತ್ರಕ್ಕೆ ಊರೆಲ್ಲ ಅವನನ್ನು ಕ್ಯಾಪ್ಟನ್ ಎನ್ನುತ್ತಿತ್ತು, ಅವನೂ ಬೇಡವೆನ್ನಲಿಲ್ಲ. ಪ್ರವಾಸಿಗರನ್ನು ಎದುರಿನ ನಡುಗಡ್ಡೆಗೆ ಕರೆದೊಯ್ದು, ಬಂಡೆಗಳ ನಡುವೆ ಈಜಾಡಲು ಬಿಟ್ಟು, ಮೀನು ತೋರಿಸಿ ಕರೆತರುವುದು ಇಪ್ಪತ್ತೆರಡು ವರ್ಷದ ಕಸುಬು. ಅದು ಬಿಟ್ಟರೆ ಅವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಆದರೆ ಕಣ್ಣು ಕೈಕೊಟ್ಟಿತ್ತು. ದೂರದ್ದೆಲ್ಲ ಮಸುಕು ಮಸುಕು.

ಪ್ರತಿ ಸೀಸನ್ನಿಗೆ ಮುಂಚೆ ಬಂದರಿನ ಅಧಿಕಾರಿ ದೋಣಿಯವರ ಕಣ್ಣು ಪರೀಕ್ಷಿಸುತ್ತಿದ್ದರು. ಕಟ್ಟೆಯ ಮೇಲೆ ನಿಂತು, ದೂರದಲ್ಲಿ ತೇಲುವ ಕೆಂಪು ಪೀಪಾಯಿಯ ಮೇಲಿನ ಅಂಕಿ ಓದಬೇಕು. ಓದಿದವನಿಗೆ ಲೈಸೆನ್ಸು. ಹಿಂದಿನ ದಿನ ಆ ಅಂಕಿ ಬರೆಯುವ ಪೇಂಟರ್, ಕ್ಯಾಪ್ಟನ್ನನ ಹೆಂಡತಿಯ ತಮ್ಮ. ಎರಡು ವರ್ಷ ಬಾಮೈದ ಕಿವಿಯಲ್ಲಿ ಊದಿದ್ದ, ಭಾವ ಗಟ್ಟಿಯಾಗಿ ಓದಿ ಮೀಸೆ ತಿರುವಿದ್ದ. ಈ ಸಲವೂ “ಐದು, ಭಾವ” ಎಂದು ಹೇಳಿ ಹೋಗಿದ್ದ.

ಪರೀಕ್ಷೆಯ ಬೆಳಿಗ್ಗೆ ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ ನಿಂತ. ಅಧಿಕಾರಿ ಬಾಯಿ ತೆರೆಯುವ ಮೊದಲೇ ಸಮುದ್ರದತ್ತ ಬೆರಳು ಚಾಚಿ, “ಐದು ಸಾರ್! ಬೇಕಿದ್ರೆ ಬಣ್ಣ ಎಲ್ಲಿ ಸೋರಿದೆ ಅಂತಾನೂ ಹೇಳ್ತೀನಿ” ಎಂದ.

ಹಿಂದೆ ನಿಂತವರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು.

“ಪೀಪಾಯಿ ನಿಮ್ಮ ಹಿಂದೆ ಬಿದ್ದಿದೆಯಲ್ಲ ಕ್ಯಾಪ್ಟನ್ರೇ,” ಎಂದರು ಅಧಿಕಾರಿ ಮೆಲ್ಲಗೆ. “ಹಗ್ಗ ಸವೆದಿದೆ ಅಂತ ನಿಮ್ಮ ಬಾಮೈದನೇ ಬೆಳಿಗ್ಗೆ ಎಳೆದು ತಂದ. ಇವತ್ತು ಓದಬೇಕಾದ್ದು ಬಂಡೆ ಮೇಲಿನ ಬೋರ್ಡು.”

ತಿರುಗಿ ನೋಡಿದ. ಪೀಪಾಯಿ ನೀರು ಸೋರಿಸುತ್ತ ಬಿದ್ದಿತ್ತು. ಪಕ್ಕದಲ್ಲೇ ಬಾಮೈದ. ಒಂದು ಕೆಮ್ಮು ಕೆಮ್ಮಿದ್ದರೂ ಸಾಕಿತ್ತು. ಪಾಪಿ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ.

“ಯಾಕೋ?”

“ಅಕ್ಕ ಹೇಳಿದ್ಲು ಭಾವ.” ಅವನ ಕಣ್ಣು ನೆಲದ ಮೇಲಿತ್ತು. “ಹೋದ ಸೀಸನ್ನಲ್ಲಿ ಈಜ್ತಿದ್ದ ಹುಡುಗಿ ಮೇಲೆ ದೋಣಿ ಹತ್ತಿಸೋದ್ರಲ್ಲಿದ್ರಂತಲ್ಲ.”

ಆ ವಿಷಯವನ್ನು ಅವನು ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಅತ್ತಿದ್ದ ಕೂಡ.

ಮನೆಗೆ ಬಂದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಏನಾಯಿತೆಂದು ಕೇಳಲಿಲ್ಲ. ಕೇಳದಿದ್ದುದಕ್ಕೇ ಅವನಿಗೆ ಸಿಟ್ಟು ಬಂತು.

“ನನಗೇ ಹೇಳ್ಬಹುದಿತ್ತಲ್ಲೇ.”

“ಹೇಳ್ಲಿಲ್ವಾ? ಡಾಕ್ಟರ ಹತ್ರ ಹೋಗೋಣ ಅಂತ ಎಷ್ಟು ಸಲ ಗೋಗರೆದೆ. ಕೇಳಿದ್ರಾ? ಆ ಹುಡುಗಿಗೆ ಏನಾದ್ರೂ ಆಗಿದ್ರೆ?”

ನ್ಯಾಯ ಅವಳ ಕಡೆಗೇ ಇತ್ತು, ಅದು ಅವನಿಗೂ ಗೊತ್ತು. ಅವನನ್ನು ಚುಚ್ಚುತ್ತಿದ್ದುದು ಬೇರೆ.

“ನಿನ್ನೆ ಊಟಕ್ಕೆ ಕೂತಾಗ ನಾನು ಗೋಡೆ ಕಡೆ ಬೆರಳು ಮಾಡಿ, ‘ಐದು ಸಾರ್’ ಅಂತ ನಾಟಕ ಆಡಿ ತೋರಿಸಿದ್ನಲ್ಲ. ಎಲ್ಲ ಗೊತ್ತಿದ್ದೂ ಆಗ ನೀನೂ ನಕ್ಕೆ.”

ಅವಳ ಕೈ ನಿಂತಿತು.

“ನಕ್ಕೆ,” ಎಂದಳು. “ಇನ್ನೂ ಸ್ವಲ್ಪ ಜೋರಾಗಿ ಹೇಳಿ ಅಂತಾನೂ ಅಂದೆ.”