ಗಾಣದ ಗುಂಡಿ

"ಬಗ್ಗೇ ಮುಂಡೆ, ಬಗ್ಗು! ತಲೆ ಕಾಣ್ತಿದೆ!"

ಸ್ಟೇಷನ್ನಿನ ಮ್ಯಾನೇಜರ್ ಗುಂಡಿಯ ಅಂಚಿನಲ್ಲಿ ನಿಂತು ಅರಚಿದ. ಅವನ ಪಕ್ಕದಲ್ಲಿ ಕ್ಯಾಮೆರಾದವನು ಒಂದು ಕಣ್ಣು ಮುಚ್ಚಿಕೊಂಡು, ಇನ್ನೂ ಕೆಳಕ್ಕೆ, ಇನ್ನೂ ಕೆಳಕ್ಕೆ ಎಂದು ಕೈಸನ್ನೆ ಮಾಡುತ್ತಿದ್ದ. ಗುಂಡಿಯೊಳಗೆ ದೊಡ್ಡಸೊಸೆ ಬಗ್ಗಿದಳು. ಕಬ್ಬಿಣಕ್ಕೆ ಹೆಗಲು ಕೊಟ್ಟು, ಗಲ್ಲ ಎದೆಗೆ ಒತ್ತುವಷ್ಟು ಬಗ್ಗಿದಳು. ಗಂಡ ತೀರಿಕೊಂಡ ಮೇಲೆ ಆ ಬೈಗುಳ ಅವಳ ಕಿವಿಗೆ ಹೊಸದೇನಲ್ಲ. ಆದರೆ ಹೀಗೆ ಮೇಲಿನಿಂದ, ನೆತ್ತಿಯ ಮೇಲೆ ಉಗುಳಿದ ಹಾಗೆ ಬಿದ್ದದ್ದು ಇದೇ ಮೊದಲು.

"ಅತ್ತಿಗೆ, ಇನ್ನೂ ಬಗ್ಗಿದ್ರೆ ಪಾತಾಳಕ್ಕೇ ಇಳೀತೀವಿ," ಎಂದ ಹಿಂದಿದ್ದ ಮೈದುನ. "ಒಳ್ಳೇದೇ ಬಿಡಿ, ಅಲ್ಲಿ ಮನೆ ಖಾಲಿ ಮಾಡು ಅನ್ನೋರು ಇರಲ್ಲ."

"ಬಾಯಿ ಮುಚ್ಕೊಂಡು ತಳ್ಳೋ."

ಅದು ನಾಳೆಯ ಸಮಾರಂಭದ ತಾಲೀಮು.

ಆ ಪುಟ್ಟ ಬಂದರಿನಲ್ಲಿ ರೈಲುಹಳಿ ಸರೋವರದ ದಂಡೆಗೆ ಬಂದು ಮುಗಿದುಹೋಗುತ್ತದೆ. ಮುಂದೆ ಬರೀ ನೀರು. ಬಂದ ಎಂಜಿನ್ನು ಮುಖ ತಿರುಗಿಸಿಕೊಂಡೇ ವಾಪಸು ಹೋಗಬೇಕು. ಅದಕ್ಕೆಂದು ದಂಡೆಯ ಮೇಲೆ ರಾಗಿಕಣದಷ್ಟು ಅಗಲದ ದುಂಡು ಗುಂಡಿ ತೋಡಿ, ನಡುವೆ ಒಂದು ಗೂಟ ನೆಟ್ಟು, ಅದರ ಮೇಲೆ ತುಂಡು ಹಳಿಯ ಕಬ್ಬಿಣದ ಸೇತುವೆ ಕೂರಿಸಿದ್ದರು. ಎಂಜಿನ್ನು ಅದರ ಮೇಲೆ ಬಂದು ನಿಂತರೆ ಆಳುಗಳು ಸೇತುವೆಯನ್ನು ತಳ್ಳಿ ಸುತ್ತಿಸಬೇಕು. ಕಾಗದದಲ್ಲಿ ಅದು ಟರ್ನ್‌ಟೇಬಲ್. ತಳ್ಳುವವರು ಮಾತ್ರ ಅದನ್ನು ಗಾಣ ಎಂದರು. ಎತ್ತಿನ ಜಾಗದಲ್ಲಿ ತಾವೇ ಇದ್ದುದರಿಂದ ಬೇರೆ ಹೆಸರು ಅವರಿಗೆ ಹೊಳೆಯಲೂ ಇಲ್ಲ. ಗಾಣದ ಹಿಂದೆ, ನೀರಿನ ಅಂಚಿಗೆ, ಅವರು ಕಟ್ಟಿಕೊಂಡ ಮನೆಗಳು ಗಾಣದ ಸಾಲು ಎನಿಸಿಕೊಂಡವು.

ಮೊದಲೆಲ್ಲ ಗುಂಡಿಯೊಳಗೆ ಇಳಿದೇ ತಳ್ಳುತ್ತಿದ್ದರು. ಸೇತುವೆಯ ತುದಿಯ ಚಕ್ರ ಗೋಡೆಯ ಬುಡದಲ್ಲೇ ಉರುಳುತ್ತದೆ. ಚಕ್ರಕ್ಕೂ ಗೋಡೆಗೂ ನಡುವೆ ಒಂದು ಮೈ ತೂರುವಷ್ಟು ಜಾಗ. ದೊಡ್ಡಸೊಸೆಯ ಮಾವನ ಎಡಗಾಲು ಅಲ್ಲಿ ಹೋಯಿತು. ಅವತ್ತು ಆಳುಗಳೆಲ್ಲ ಒಬ್ಬರ ಹಿಂದೊಬ್ಬರು ಮೇಲೆ ಹತ್ತಿಬಂದು, ಇನ್ನು ಇಳಿಯುವುದಿಲ್ಲ ಎಂದು ಕೂತುಬಿಟ್ಟರು. ರೈಲಿನವರು ಬೈದರು, ಹೊಡೆದರು, ಯಾರೂ ಏಳಲಿಲ್ಲ. ಹಡಗಿನಲ್ಲಿ ಸರಕು ಕೊಳೆತು ನಾರತೊಡಗಿದ ಮೇಲೆ ಸೇತುವೆಯ ಎರಡೂ ತುದಿಗೆ ಉದ್ದನೆಯ ಮರದ ತೊಲೆಗಳು ಬಂದವು. ಅಂದಿನಿಂದ ಅವರು ನೆಲದ ಮೇಲೆ ನೆಟ್ಟಗೆ ನಿಂತು, ಸರೋವರದ ಗಾಳಿ ಕುಡಿಯುತ್ತ ಗಾಣ ಸುತ್ತಿಸಿದರು. ಕಾಲು ಕೊಟ್ಟವನನ್ನು ಸಾಲಿನವರು ಕುಂಟಮೇಸ್ತ್ರಿ ಎಂದು ಕರೆದರು. ಅದು ಅಣಕವಾಗಿರಲಿಲ್ಲ.

ಈಗ ಸರಕೆಲ್ಲ ಲಾರಿಗೆ ಹೋಗಿ, ಹಡಗುಗಳು ದಡದಲ್ಲೇ ತುಕ್ಕು ಹಿಡಿದಿದ್ದವು. ಆದರೂ ಊರಿಗೆ ರೈಲು ಬಂದು ನೂರು ವರ್ಷವಾಯಿತೆಂದು ಹಳೆಯ ಉಗಿ ಎಂಜಿನ್ನಿಗೆ ಬಣ್ಣ ಬಳಿದು, ದೊಡ್ಡವರನ್ನು ಕೂರಿಸಿಕೊಂಡು ಬಂದುಹೋಗುವ ಏರ್ಪಾಡಾಗಿತ್ತು. ಮ್ಯಾನೇಜರ್ ಮೊದಲು ತೊಲೆಗಳನ್ನು ಬಿಚ್ಚಿಸಿ ಸಾಲಿನ ಹಿಂದೆ ಎಸೆಸಿದ. ಸಿನಿಮಾ ತೆಗೆಯುವಾಗ ಎಂಜಿನ್ನು ತಾನಾಗಿಯೇ ತಿರುಗಿದಂತೆ ಕಾಣಬೇಕಂತೆ. ಆಮೇಲೆ ಸಾಲಿನ ಮುಂದೆ ಉದ್ದಕ್ಕೂ ತಗಡು ನಿಲ್ಲಿಸಿ, ಅದರ ಮೇಲೆ ನೀಲಿ ಸರೋವರ, ಬಿಳಿ ಹಕ್ಕಿ ಬರೆಸಿದ. ನಿಜವಾದ ಸರೋವರ ಆ ತಗಡಿನ ಹಿಂದೆಯೇ ಇತ್ತು.

ಕುಂಟಮೇಸ್ತ್ರಿ ಊರುಗೋಲು ಊರಿಕೊಂಡು ಅವನ ಮುಂದೆ ಹೋಗಿ ನಿಂತಿದ್ದ. "ಸ್ವಾಮಿ, ಆ ಗುಂಡೀಲಿ ನನ್ನ ಕಾಲು ಹೋಗಿದೆ. ಜನರನ್ನ ಅಲ್ಲಿಗೆ ಇಳಿಸಬೇಡಿ."

"ಇನ್ನೊಂದಿದೆಯಲ್ಲಪ್ಪ," ಎಂದ ಮ್ಯಾನೇಜರ್. ಗುಮಾಸ್ತರು ನಕ್ಕರು. ಆಮೇಲೆ ಅವನು ದೊಡ್ಡಸೊಸೆಯ ಕಡೆ ತಿರುಗಿದ. "ನೋಡಮ್ಮ, ನಿನ್ನ ಮಾತು ಇವರೆಲ್ಲ ಕೇಳ್ತಾರೆ. ತೆಪ್ಪಗೆ ಇಳಿದು ತಳ್ಳಿದ್ರೆ ನಿಮ್ಮ ಸಾಲು ಉಳಿಯುತ್ತೆ. ಸಮಾರಂಭಕ್ಕೆ ಬರೋ ಅಧ್ಯಕ್ಷರಿಗೆ ನಾನು ಹೇಳ್ತೀನಿ. ಇಲ್ಲ ಅಂದ್ರೆ ಒಂದು ಗೋಡೆನೂ ನಿಲ್ಲಲ್ಲ."

ಅವಳು ಒಪ್ಪಿದಳು. ಮನೆಗೆ ಬಂದಾಗ ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದ.

"ನನ್ನ ಕಾಲನ್ನ ಮಾರಿಬಿಟ್ಟೆಯಲ್ಲೇ ತಾಯಿ."

"ಕಾಲು ನಿಮ್ಮದು ಮಾವ. ಸೂರು ಮಕ್ಕಳದು."

ಆಮೇಲೆ ಅವನು ಅವಳೊಂದಿಗೆ ಮಾತಾಡಲಿಲ್ಲ.

ಸಮಾರಂಭದ ದಿನ ಎಂಜಿನ್ನು ಹೊಗೆ ಕಾರುತ್ತ ಬಂತು. ಅತಿಥಿಗಳು ಗಾಡಿಯಿಂದಿಳಿದು ಶಾಮಿಯಾನದ ಕೆಳಗೆ ಕೂತರು. ಎಂಜಿನ್ನೊಂದೇ ನಿಧಾನವಾಗಿ ಗಾಣದ ಮೇಲೇರಿತು. ಗುಂಡಿಯೊಳಗೆ ಕತ್ತಲಾಯಿತು. ಮೇಲಿನಿಂದ ಬಿಸಿ ಎಣ್ಣೆ ತೊಟ್ಟಿಕ್ಕಿ ಮೈದುನನ ಬೆನ್ನಿಗೆ ಬಿತ್ತು.

"ಸೂಳೆಮಗಂದು, ನನಗೇ ಅಭ್ಯಂಜನ ಮಾಡಿಸ್ತಿದೆ," ಎಂದ ಅವನು ಹಲ್ಲು ಕಚ್ಚಿಕೊಂಡು.

"ಹೂಂ, ಹಾಕಿ!" ಎಂದಳು ದೊಡ್ಡಸೊಸೆ. ಎಲ್ಲರೂ ಹೆಗಲು ಕೊಟ್ಟರು. ಕಬ್ಬಿಣ ನರಳಿತು, ಚಕ್ರ ಉರುಳಿತು. ಅವಳ ಸೆರಗು ಗೋಡೆಗೆ ತಾಗಿ ಹರಿಯಿತು. ಮೇಲೆ ಬ್ಯಾಂಡು, ಚಪ್ಪಾಳೆ. ಮೈಕಿನಲ್ಲಿ ಅಧ್ಯಕ್ಷರ ದನಿ ಗುಂಡಿಗೂ ಇಳಿದುಬರುತ್ತಿತ್ತು. ಈ ರೈಲನ್ನು ತಂದ ಮಹನೀಯರು ಯಾರು, ಅವರ ದೂರದೃಷ್ಟಿ ಎಂಥದು, ಹೇಗೆ ಈ ಕುಗ್ರಾಮ ಬಂದರಾಯಿತು.

"ನೋಡಿ, ನೋಡಿ! ಎಂಜಿನ್ನು ಹೂವಿನ ಹಾಗೆ ತಿರುಗ್ತಾ ಇದೆ!" ಎಂದರು ಅಧ್ಯಕ್ಷರು. ಮತ್ತೆ ಚಪ್ಪಾಳೆ. "ಇನ್ನೊಂದು ಸಂತೋಷದ ಸುದ್ದಿ. ಅಗೋ, ಆ ಚಿತ್ರ ಬರೆದ ಗೋಡೆ ಕಾಣ್ತಿದೆಯಲ್ಲ, ಅದರ ಹಿಂದಿನ ಕೊಳಕು ಜಾಗವನ್ನೆಲ್ಲ ಈ ವಾರವೇ ತೆರವು ಮಾಡ್ತಿದ್ದೇವೆ. ಅಲ್ಲಿ ಸರೋವರಕ್ಕೆ ಮುಖ ಮಾಡಿದ ದೊಡ್ಡ ಹೋಟೆಲು ಬರುತ್ತೆ. ಇದಕ್ಕಾಗಿ ಹಗಲಿರುಳು ದುಡಿದ ನಮ್ಮ ಮ್ಯಾನೇಜರಿಗೆ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಗುಂಡಿಯೊಳಗೆ ಕಾಲುಗಳು ರೂಢಿಯ ಮೇಲೆ ಇನ್ನೊಂದೆರಡು ಹೆಜ್ಜೆ ಹೋದವು.

"ಅತ್ತಿಗೆ, ಕೇಳಿಸ್ತಾ?"

"ಕಿವುಡಿ ಅಲ್ಲ ಕಣೋ ನಾನು."

ದೊಡ್ಡಸೊಸೆ ಕಬ್ಬಿಣದಿಂದ ಹೆಗಲು ತೆಗೆದಳು. ನೆಟ್ಟಗೆ ನಿಂತಳು. ಅವಳನ್ನು ನೋಡಿ ಮೈದುನ, ಅವನನ್ನು ನೋಡಿ ಉಳಿದವರು. ಗಾಣ ಇನ್ನೊಂದು ಗೇಣು ತೆವಳಿ ನಿಂತುಹೋಯಿತು. ಅವಳು ಮೆಟ್ಟಿಲ ಕಡೆ ಹೋದಾಗ ಮೇಲಿನಿಂದ ಒಂದು ಊರುಗೋಲಿನ ತುದಿ ಇಳಿದುಬಂತು.

"ಹಿಡ್ಕೋ," ಎಂದ ಮಾವ.

ಒಬ್ಬರ ಹಿಂದೊಬ್ಬರು ಮೇಲೆ ಬಂದರು. ಮಸಿ ಹತ್ತಿದ ತಲೆಗಳು ಕ್ಯಾಮೆರಾದ ಮುಂದೆ ಒಂದೊಂದಾಗಿ ಎದ್ದವು. ಎಂಜಿನ್ನು ಬಂದ ಹಳಿಗೂ ಇಲ್ಲ, ಹೋಗುವ ಹಳಿಗೂ ಇಲ್ಲ. ಅಡ್ಡಡ್ಡವಾಗಿ, ತಗಡಿನ ಸರೋವರಕ್ಕೆ ಮೂತಿ ಮಾಡಿ ನಿಂತಿತ್ತು.

"ಏಯ್! ಇಳೀರೋ ಕೆಳಗೆ! ದರಿದ್ರ ಮುಂಡೇವಾ!" ಮ್ಯಾನೇಜರ್ ಓಡಿಬಂದ. ಯಾರೂ ಇಳಿಯದಿದ್ದಾಗ ಡ್ರೈವರಿನ ಕಡೆ ತಿರುಗಿದ. "ನೀನಾದ್ರೂ ಗಾಡಿ ಓಡಿಸಯ್ಯ!"

"ಎಲ್ಲಿಗೆ ಸಾರ್? ಹಳಿ ಎಲ್ಲಿದೆ?" ಡ್ರೈವರ್ ಕಿಟಕಿಗೆ ಮೊಣಕೈ ಊರಿ ಬೀಡಿ ಹಚ್ಚಿದ.

ಮ್ಯಾನೇಜರ್ ಬ್ಯಾಂಡಿನವರನ್ನು ಕರೆದ. ತುತ್ತೂರಿಯವನು ತನ್ನ ಬಿಳಿ ಷರಾಯಿ ನೋಡಿಕೊಂಡ. "ನಾವು ಊದೋರು ಸಾರ್. ತಳ್ಳೋರಲ್ಲ."

ಅಧ್ಯಕ್ಷರು ಗಡಿಯಾರ ನೋಡಿಕೊಂಡು ಕುರ್ಚಿಯಿಂದ ಎದ್ದರು. ಅದನ್ನು ಕಂಡದ್ದೇ ಮ್ಯಾನೇಜರ್ ಗುಮಾಸ್ತನೊಬ್ಬನನ್ನು ಪೊಲೀಸರಿಗೆ ಫೋನು ಮಾಡಲು ಅಟ್ಟಿ, ಉಳಿದವರನ್ನು ಕತ್ತು ಹಿಡಿದು ನೂಕಿಕೊಂಡು ತಾನೇ ಗುಂಡಿಗಿಳಿದ.

ಅಷ್ಟರಲ್ಲಿ ದೊಡ್ಡಸೊಸೆ ತಗಡು ಬಿಗಿದ ತಂತಿಗೆ ಕೈ ಹಾಕಿದ್ದಳು. ಒಳಗಿನಿಂದ ಸಾಲಿನ ಹೆಂಗಸರು ತಳ್ಳಿದರು. ನೀಲಿ ಸರೋವರ, ಬಿಳಿ ಹಕ್ಕಿ ಎಲ್ಲ ದಢಾರನೆ ನೆಲಕ್ಕೊರಗಿದವು. ಶಾಮಿಯಾನದವರ ಕಣ್ಣೆದುರು ಒಣಹಾಕಿದ ಬಟ್ಟೆ, ಹೊಗೆಯಾಡುವ ಒಲೆ, ತೊಟ್ಟಿಲು, ಬಾಗಿಲಲ್ಲಿ ನಿಂತ ಮುದುಕಿಯರು, ಆಚೆಗೆ ನೀರು.

"ತೊಲೆ ಎಲ್ಲಿ?" ಎಂದ ಕುಂಟಮೇಸ್ತ್ರಿ.

"ಹಿತ್ತಿಲಲ್ಲಿವೆ ಮಾವ. ಸೌದೆ ಮಾಡೋಣ ಅಂತಿದ್ದೆ."

"ಸೌದೆ ಮಾಡ್ತಾಳಂತೆ. ತಾರೇ ಇಲ್ಲಿ!"

ನೂರಾರು ಕೈ ಹಿಡಿದು ನುಣುಪಾದ ತೊಲೆಗಳು ಹೆಗಲ ಮೇಲೆ ಬಂದವು. ಸಾಲಿನ ಬಾಯಿಗೆ ಅಡ್ಡಲಾಗಿ ಅವನ್ನು ಎದೆಮಟ್ಟಕ್ಕೆ ಹಿಡಿದು ಎಲ್ಲರೂ ಒತ್ತೊತ್ತಾಗಿ ನಿಂತರು. ಕುಂಟಮೇಸ್ತ್ರಿ ಊರುಗೋಲನ್ನು ಕೆಳಗೆ ಬಿಟ್ಟು, ತೊಲೆಯನ್ನೇ ಆತುಕೊಂಡು ಸೊಸೆಯ ಪಕ್ಕ ನಿಂತ. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಪೊಲೀಸ್ ವ್ಯಾನಿನ ಹಿಂದೆ ಇನ್ನೊಂದು ವ್ಯಾನು.

ಗುಂಡಿಯಲ್ಲಿ ಮ್ಯಾನೇಜರ್ ಸೇತುವೆಗೆ ಹೆಗಲು ಕೊಟ್ಟು ತಿಣುಕುತ್ತಿದ್ದ. ಗಾಣ ಕೂದಲೆಳೆಯಷ್ಟೂ ಕದಲಲಿಲ್ಲ. ಕ್ಯಾಮೆರಾದವನು ಏನು ಮಾಡಲೂ ತೋಚದೆ ಇನ್ನೂ ತೆಗೆಯುತ್ತಲೇ ಇದ್ದ. ಅಂಚಿನ ಮೇಲೆ ಮ್ಯಾನೇಜರಿನ ಬೋಳು ನೆತ್ತಿ ಬೆವರಿ ಹೊಳೆಯುತ್ತಿತ್ತು.

ದೊಡ್ಡಸೊಸೆ ತೊಲೆಯನ್ನು ಬಿಗಿಯಾಗಿ ಹಿಡಿದುಕೊಂಡು, ಶಾಮಿಯಾನದ ಕೊನೆಯ ಕುರ್ಚಿಗೂ ಕೇಳಿಸುವಂತೆ ಕೂಗಿದಳು:

"ಬಗ್ಗೀ ಸಾಹೇಬ್ರೇ, ಬಗ್ಗಿ! ತಲೆ ಕಾಣ್ತಿದೆ!"