ತೊಳೆದ ಗೋಡೆಯ ಪಂಚನಾಮೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಗೆ ಬೆಂಕಿ ಬಿತ್ತು. ಒಂಬತ್ತಕ್ಕೆ ಆರಿತು. ಅಷ್ಟರಲ್ಲಿ ಮರದ ಶೆಲ್ಫು ಹೋಯಿತು. ಅದರ ಮೇಲಿದ್ದ ತಿಂಗಳ ಅಕ್ಕಿ ಹೋಯಿತು. ಕಿಟಕಿಯ ಒಂದು ಬಾಗಿಲು, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ ಹೋದವು. ಉಪ್ಪಿನ ಡಬ್ಬಿ ಕರಗಿ ಸಕ್ಕರೆ ಡಬ್ಬಿಯನ್ನು ತಬ್ಬಿಕೊಂಡಿತ್ತು. ಒಲೆಗೆ ಮಾತ್ರ ಏನೂ ಆಗಿರಲಿಲ್ಲ. ಅದನ್ನು ಆವತ್ತು ಹಚ್ಚಿಯೇ ಇರಲಿಲ್ಲ.

ಬೆಂಕಿ ಹುಟ್ಟಿದ್ದು ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನಲ್ಲಿ. ಎರಡು ವರ್ಷದಿಂದ ಅದು ಕಿಡಿ ಕಾರುತ್ತಿತ್ತು. ಅಮ್ಮ ಸ್ವಿಚ್ಚನ್ನು ಕೈಯಿಂದ ಮುಟ್ಟುತ್ತಿರಲಿಲ್ಲ, ಪೊರಕೆಯ ಹಿಡಿಯಿಂದ ಒತ್ತುತ್ತಿದ್ದಳು. ಬಾಡಿಗೆ ಕೊಡಲು ಹೋದಾಗಲೆಲ್ಲ ಯಜಮಾನರಿಗೆ ಹೇಳುತ್ತಿದ್ದಳು.

"ಕಿಡಿ ಬರ್ತಿದೆ ಅಂದ್ರೆ ಕರೆಂಟ್ ಬರ್ತಿದೆ ಅಂತ ಅರ್ಥ ಕಣಮ್ಮಾ. ಕರೆಂಟೇ ಇಲ್ಲದ ಮನೆ ಎಷ್ಟಿವೆ ಗೊತ್ತಾ?" ಎನ್ನುತ್ತಿದ್ದರು ಅವರು.

ನಮ್ಮದು ಒಂದೇ ಗೋಡೆಗೆ ಒರಗಿಕೊಂಡ ಆರು ರೂಮುಗಳ ಸಾಲು. ಆರಕ್ಕೂ ಒಬ್ಬರೇ ಯಜಮಾನರು. ಪಕ್ಕದ ರೂಮಿನ ಡ್ರೈವರಣ್ಣ ಓಡಿಬಂದು ಮೇನ್ ಸ್ವಿಚ್ ಎಳೆದ. ಆಚೆಕಡೆಯ ರೂಮಿನ ಟೈಲರಕ್ಕ, ರಸ್ತೆಯ ಎದುರು ಕಟ್ಟುತ್ತಿದ್ದ ಮನೆಯ ಮರಳನ್ನು ಬಕೆಟ್ಟಿನಲ್ಲಿ ತುಂಬಿ ತಂದು ಸುರಿದಳು. ಕೊನೆಯ ರೂಮಿನ ತರಕಾರಿ ಅಜ್ಜಿ ನೆನೆಸಿದ ಗೋಣಿಚೀಲ ಹಿಡಿದು ನಿಂತಿತ್ತು. "ಕರೆಂಟ್ ಪೂರ್ತಿ ಹೋಗೋವರೆಗೂ ನೀರು ತರಬೇಡ ಅಜ್ಜಿ!" ಎಂದು ಡ್ರೈವರಣ್ಣ ಕೂಗಿದ. "ಕರೆಂಟ್ ಹೋಗೋಕೆ ನಮ್ಮಲ್ಲಿ ಎಷ್ಟು ಹೊತ್ತು ಬೇಕು?" ಎಂದಿತು ಅಜ್ಜಿ.

ಎರಡು ವರ್ಷ ಬಾರದ ಯಜಮಾನರು ಹತ್ತು ನಿಮಿಷದಲ್ಲಿ ಬಂದರು. ಮೊಬೈಲ್ ತೆಗೆದು ಗೋಡೆ, ಮೇಲ್ಛಾವಣಿ, ಕಿಟಕಿ ಎಲ್ಲದರ ಫೋಟೋ ಹಿಡಿದರು. ಅಮ್ಮ ಗೋಡೆಗೆ ಒರಗಿ ಕೆಮ್ಮುತ್ತಿದ್ದಳು.

"ನೀನು ಸ್ವಲ್ಪ ಪಕ್ಕಕ್ಕೆ ಸರಿಯಮ್ಮಾ, ಮಸಿ ಕಾಣ್ತಿಲ್ಲ."

ಅಮ್ಮ ಸರಿದಳು. ಫೋಟೋ ಮುಗಿದ ಮೇಲೆ ಅವರು ಕೇಳಿದರು, "ಒಲೆ ಹಚ್ಚಿಟ್ಟು ಎಲ್ಲಿಗೆ ಹೋಗಿದ್ರಿ?"

"ಒಲೆ ಹಚ್ಚೇ ಇಲ್ಲ ಯಜಮಾನ್ರೇ. ಬೋರ್ಡಿಂದ ಬಂತು."

"ಅಡುಗೆಮನೇಲಿ ಬೆಂಕಿ ಬಿದ್ರೆ ಒಲೆಯಿಂದಲೇ. ಮಲಗೋ ಕೋಣೇಲಿ ಬಿದ್ದಿದ್ರೆ ಬೇರೆ ಮಾತು."

"ನಮಗಿರೋದು ಒಂದೇ ಕೋಣೆ. ಅಡುಗೇನೂ ಇಲ್ಲೇ, ಮಲಗೋದೂ ಇಲ್ಲೇ."

"ವಾದ ಮಾಡಬೇಡ. ಮಂಗಳವಾರ ಸಾಹೇಬ್ರು ಬಂದು ಪಂಚನಾಮೆ ಮಾಡ್ತಾರೆ. ನಿಮ್ಮ ತಪ್ಪು ಅಂತ ಬಿದ್ರೆ ತಿಂಗಳೊಳಗೆ ರೂಮು ಖಾಲಿ ಮಾಡಬೇಕು. ಅಷ್ಟರೊಳಗೆ ನನ್ನ ಗೋಡೆ ಮೊದಲಿದ್ದ ಹಾಗೆ ಆಗಿರಬೇಕು."

ಪಂಚನಾಮೆ ಎಂದರೆ, ಸರ್ಕಾರಿ ಸಾಹೇಬರು ಬಂದು ಸುಟ್ಟದ್ದನ್ನು ನೋಡಿ, ಬೆಂಕಿ ಯಾವುದರಿಂದ ಎಂದು ಬರೆದು, ನೆರೆಯವರಿಬ್ಬರ ಸಹಿ ಹಾಕಿಸಿಕೊಂಡು ಹೋಗುವ ಕಾಗದ. ತಂತಿಯಿಂದ ಎಂದು ಬರೆದರೆ ತಪ್ಪು ಯಜಮಾನರದು. ಅವರ ಇನ್ಶೂರೆನ್ಸು ಬರುವುದಿಲ್ಲ, ತಂತಿ ಹೊಸದು ಹಾಕಿಸಬೇಕು, ನಾವು ಅಲ್ಲೇ ಇರಬಹುದು. ಒಲೆಯಿಂದ ಎಂದು ಬರೆದರೆ ಅವರಿಗೆ ಇನ್ಶೂರೆನ್ಸು, ನಮಗೆ ಬೀದಿ.

ಅವರು ಹೋದ ಮೇಲೆ ನಾವು ದೊಡ್ಡ ತಪ್ಪೊಂದನ್ನು ಮಾಡಿದೆವು. ಬೇರೆ ಯಾರಾಗಿದ್ದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಹಾಗೆ ಕೂತಿದ್ದರೆ ಗೆಲ್ಲುತ್ತಿದ್ದೆವು. ನಮಗೆ ಕೂರಲು ಬರುವುದಿಲ್ಲ. ನಮ್ಮ ಕೆಲಸವೇ ಬೆಂಕಿ ಬಿದ್ದ ಮನೆಗಳನ್ನು ತೊಳೆಯುವುದು.

ಅದಕ್ಕೊಂದು ಕಂಪನಿ ಇದೆ. ದೊಡ್ಡ ಮನೆಗಳಲ್ಲಿ ಬೆಂಕಿ ಬಿದ್ದರೆ ನಮ್ಮನ್ನು ವ್ಯಾನಿನಲ್ಲಿ ತುಂಬಿ ಕಳಿಸುತ್ತಾರೆ. ಅಮ್ಮನ ಭುಜ ಮೇಲೇಳದಂತಾದಾಗ ನಾನು ಏಳನೇ ಕ್ಲಾಸು ಬಿಟ್ಟು ಅವಳ ಜೊತೆ ಏಣಿ ಹಿಡಿಯಲು ಹೋದೆ. ಈಗ ಏಣಿ ಹತ್ತುವವಳು ನಾನು. ಕೆಲಸ ಮುಗಿದಾಗ ಮನೆಯವರು "ಬೆಂಕಿನೇ ಬಿದ್ದಿಲ್ವೇನೋ ಅನ್ನೋ ಹಾಗೆ ಮಾಡಿದೀರಿ" ಎನ್ನುತ್ತಾರೆ. ನಮಗೆ ಸಿಗುವ ದೊಡ್ಡ ಹೊಗಳಿಕೆ ಅದು. ಆಮೇಲೆ ಹಿಂದಿನ ಬಾಗಿಲಿಂದ ಹೋಗಲು ಹೇಳುತ್ತಾರೆ.

ಮಸಿಗೆ ನೀರು ಸೋಕಿಸಬಾರದು. ಸೋಕಿಸಿದರೆ ಗೋಡೆ ಅದನ್ನು ಕುಡಿದುಬಿಡುತ್ತದೆ, ಮತ್ತೆ ಕಕ್ಕುವುದಿಲ್ಲ. ಮೊದಲು ಒಣ ಸ್ಪಂಜಿನಿಂದ ಮೇಲಿಂದ ಕೆಳಗೆ ಎಳೆಯಬೇಕು, ಉಜ್ಜಬಾರದು. ಆಮೇಲೆ ಬಿಸಿನೀರಿಗೆ ಸೋಡ ಹಾಕಿ ಕೆಳಗಿಂದ ಮೇಲಕ್ಕೆ ತೊಳೆಯಬೇಕು. ಮೇಲಿಂದ ತೊಳೆದರೆ ಗೋಡೆಯ ಮೇಲೆ ಕಣ್ಣೀರಿಳಿದಂತೆ ಗೆರೆ ಬೀಳುತ್ತದೆ. ವಾಸನೆಗೆ ಮೂಲೆಮೂಲೆಯಲ್ಲಿ ಇದ್ದಿಲು ಇಡಬೇಕು. ಭಾನುವಾರ ಇಡೀ ದಿನ, ಸೋಮವಾರ ಇಡೀ ದಿನ ನಾವಿಬ್ಬರೂ ಇದನ್ನೇ ಮಾಡಿದೆವು. ಸೋಮವಾರದ ಕೂಲಿ ಬಿಟ್ಟು ನಮ್ಮದೇ ಮನೆಯಲ್ಲಿ ದುಡಿದೆವು. ಸಂಜೆ ಸುಣ್ಣವನ್ನೂ ಬಳಿದೆವು.

ಸೋಮವಾರ ಮಧ್ಯಾಹ್ನ ಯಜಮಾನರು ಕಳಿಸಿದ ಎಲೆಕ್ಟ್ರಿಷಿಯನ್ ಬಂದ. ಹೊಸ ಬೋರ್ಡು ಹಾಕಿದ. ಸುಟ್ಟ ಹಳೆಯ ಬೋರ್ಡನ್ನೂ ಕರಗಿದ ತಂತಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ಎರಡು ವರ್ಷಕ್ಕೆ ಬಂದನಲ್ಲ ಎಂದು ಅಮ್ಮ ಅವನಿಗೆ ಟೀ ಮಾಡಿಕೊಟ್ಟಳು. ಸಕ್ಕರೆ ಟೈಲರಕ್ಕನ ಮನೆಯದು.

ಮಂಗಳವಾರ ಬೆಳಿಗ್ಗೆ ಆ ಬೆಳ್ಳಗಿನ ಗೋಡೆ ನೋಡಿದಾಗ ನನಗೆ ಹೊಳೆಯಿತು.

"ಅಮ್ಮಾ, ಮೊರದ ಗುರುತು ಎಲ್ಲಿ?"

ಬೆಂಕಿ ತಾನು ಹುಟ್ಟಿದ ಜಾಗವನ್ನು ಗೋಡೆಯ ಮೇಲೆ ತಾನೇ ಬರೆದಿಡುತ್ತದೆ. ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ, ಎತ್ತಿ ನಿಲ್ಲಿಸಿದ ಮೊರದ ಹಾಗೆ. ಅದರ ಕಿರಿದಾದ ತುದಿ ಎಲ್ಲಿದೆಯೋ ಬೆಂಕಿ ಅಲ್ಲಿಂದ ಎದ್ದದ್ದು. ಪ್ರತಿ ಮನೆಯಲ್ಲೂ ನಾವು ಮೊದಲು ನೋಡುವುದು ಅದನ್ನೇ, ಯಾಕೆಂದರೆ ಅಲ್ಲಿ ಮಸಿ ದಪ್ಪ. ನಮ್ಮ ಮನೆಯಲ್ಲಿ ಆ ತುದಿ ಸ್ವಿಚ್ ಬೋರ್ಡಿನ ಮೇಲೆ ನಿಂತಿತ್ತು. ಮಸಿ ದಪ್ಪವಿದ್ದುದರಿಂದ ನಾನೇ ಅದನ್ನು ಮೂರು ಸಲ ತೊಳೆದಿದ್ದೆ.

ಅಮ್ಮ ಗೋಡೆ ಮುಟ್ಟಿ ನೋಡಿದಳು. "ಇದ್ದೊಂದು ಸಾಕ್ಷೀನ ನಾವೇ ಉಜ್ಜಿ ಮೋರಿಗೆ ಬಿಟ್ವಲ್ಲೇ," ಎಂದಳು.

ಹನ್ನೆರಡೂವರೆಗೆ ಸಾಹೇಬರು ಬಂದರು. ಜೊತೆಗೆ ಯಜಮಾನರು. ಬಾಗಿಲ ಹೊರಗೆ ಸಾಲಿನವರೆಲ್ಲ ಸೇರಿದರು. ಸಾಹೇಬರು ಒಳಗೆ ಬಂದು ಸುತ್ತ ನೋಡಿದರು, ಹೊರಗೆ ಹೋಗಿ ರೂಮಿನ ನಂಬರು ನೋಡಿದರು, ಮತ್ತೆ ಒಳಗೆ ಬಂದರು.

"ಬೆಂಕಿ ಎಲ್ಲಮ್ಮಾ?"

"ಆರಿಸಿದ್ವಿ ಸಾಹೇಬ್ರೇ."

"ಅದು ಸರಿ. ಮಸಿ ಎಲ್ಲಿ?"

"ತೊಳೆದ್ವಿ."

"ತೊಳೆಯೋಕೆ ಯಾರು ಹೇಳಿದ್ರು?"

ಅಮ್ಮ ಯಜಮಾನರ ಮುಖ ನೋಡಿದಳು. ಯಜಮಾನರು ಮೇಲ್ಛಾವಣಿ ನೋಡಿದರು.

ಸಾಹೇಬರು ಫಾರಂ ಬಿಡಿಸಿದರು. "ನೋಡಮ್ಮಾ, ಇದರಲ್ಲಿ ಇರೋದು ಮೂರೇ: ಪೂರ್ತಿ ಸುಟ್ಟಿದೆ, ಅರ್ಧ ಸುಟ್ಟಿದೆ, ಸ್ವಲ್ಪ ಸುಟ್ಟಿದೆ. ತೊಳೆದಿದೆ ಅಂತ ಇಲ್ಲ. ಈ ಮನೆ ನೋಡಿದ್ರೆ ಬೆಂಕಿನೇ ಬಿದ್ದಿಲ್ವೇನೋ ಅನ್ನೋ ಹಾಗಿದೆ."

ಆ ಮಾತನ್ನು ಹೊಗಳಿಕೆಯೆಂದು ಎಷ್ಟು ಸಲ ಕೇಳಿದ್ದೆವೋ. ಅಮ್ಮ ತಲೆ ತಗ್ಗಿಸಿದಳು.

ಯಜಮಾನರು ಗೋಡೆಯ ಮೇಲೆ ಬೆರಳಾಡಿಸಿದರು. "ಇಷ್ಟು ಚೆನ್ನಾಗಿ ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ, ಆರೂ ರೂಮಿಗೂ..."

"ಬೆಂಕಿ ಹಚ್ಚಿಸ್ತಿದ್ರಾ?" ಎಂದ ಹೊರಗಿಂದ ಡ್ರೈವರಣ್ಣ.

ಯಾರೋ ನಕ್ಕರು. ಯಜಮಾನರು ಗಂಟಲು ಸರಿಮಾಡಿಕೊಂಡು ಮೊಬೈಲ್ ತೆಗೆದರು. "ಸಾರ್, ಬೆಂಕಿಗೆ ಇಲ್ಲಿದೆ ಪುರಾವೆ. ಇಪ್ಪತ್ತಮೂರು ಫೋಟೋ."

ಸಾಹೇಬರು ಒಂದೊಂದಾಗಿ ನೋಡಿದರು. "ಅಬ್ಬಾ, ಏನು ಬೆಂಕಿ! ಅರ್ಧ ಸುಟ್ಟಿದೆ ಅಂತಲೇ ಹಾಕಬಹುದು," ಎಂದು ಬರೆದುಕೊಂಡರು.

ನಾನು ಅವರ ಹಿಂದೆಯೇ ನಿಂತಿದ್ದೆ. ಏಳನೆಯದೋ ಎಂಟನೆಯದೋ ಫೋಟೋದಲ್ಲಿ ಅದು ಇತ್ತು. ಮೊರ. ಕಿರಿದಾದ ತುದಿ ಬೋರ್ಡಿನ ಮೇಲೆ. ಪಕ್ಕದ ಗೋಡೆಯಲ್ಲಿ ಒಲೆ, ಅದರ ಹಿಂದೆ ಗೋಡೆ ಬರೀ ಹೊಗೆಬಣ್ಣ. ನನಗೆ ಹೊರಗಿನವರ ಜೊತೆ ಮಾತು ಬರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ತೆಗೆದುಕೊಂಡು ಬರುವವಳು ನಾನು. ಅಮ್ಮನ ಸೆರಗು ಎಳೆದು ತೋರಿಸಿದೆ. ಅಮ್ಮ ಕಣ್ಣರಳಿಸಿದಳು.

"ಸಾಹೇಬ್ರೇ, ಆ ಫೋಟೋ ನೋಡಿ. ಮಸಿ ಬೋರ್ಡಿಂದ ಎದ್ದಿದೆ. ಒಲೆ ಹತ್ರ ಏನೂ ಇಲ್ಲ. ಇನ್ನೂರು ಮನೆ ತೊಳೆದಿದೀನಿ, ನಂಗೆ ಗೊತ್ತು."

"ಆ ಫೋಟೋ ಅವರದಮ್ಮಾ."

"ಮನೆ ಇದೇ ತಾನೇ?"

"ಮನೆ ಇದೇ. ಆದ್ರೆ ಫೋಟೋ ಅವರ ಅರ್ಜಿಗೆ ಲಗತ್ತು. ನಿಮ್ಮ ಮಾತಿಗೆ ಲಗತ್ತು ಏನಿದೆ?"

"ಅಂದ್ರೆ, ಬೆಂಕಿ ಅವರಿಗೆ ಬಿದ್ದಿದೆ, ನಮಗೆ ಬಿದ್ದಿಲ್ಲ?"

"ಹಾಗೇ ಅಂದ್ಕೊಳ್ಳಿ," ಎಂದರು ಸಾಹೇಬರು, ಮಾತು ಸುಲಭವಾಯಿತೆಂಬ ಸಮಾಧಾನದಲ್ಲಿ. ಅವರಿಗೆ ಊಟದ ಹೊತ್ತಾಗುತ್ತಿತ್ತು. ಫಾರಮ್ಮಿನ ಉಳಿದ ಗೆರೆಗಳನ್ನೂ ಬೇಗ ಬೇಗ ತುಂಬಿಸಿದರು. "ಎಲ್ಲಿ, ಸಾಕ್ಷಿಗೆ ಇಬ್ಬರು ಬನ್ನಿ."

ಯಜಮಾನರು ಬಾಗಿಲ ಕಡೆ ಬೆರಳು ತೋರಿಸಿದರು. ತಮ್ಮ ಬಾಡಿಗೆದಾರರನ್ನು ಅವರು ಹಾಗೇ ಕರೆಯುವುದು. "ಏ ಟೈಲರಮ್ಮಾ, ಬಾ ಇಲ್ಲಿ. ಡ್ರೈವರ್, ನೀನೂ. ಎರಡು ಸಹಿ, ಅಷ್ಟೇ."

ಟೈಲರಕ್ಕ ಬಂದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಪೆನ್ನು ತೆಗೆದುಕೊಂಡಳು, ಫಾರಂ ನನ್ನ ಕೈಗೆ ಕೊಟ್ಟಳು.

"ಓದು ಮಗಾ. ಏನು ಬರೆದಿದಾರೆ ಅಂತ ಕೇಳಿಸ್ಕೊಂಡು ಹಾಕ್ತೀನಿ."

"ಓದೋದೇನಿದೆ? ಎಲ್ಲ ಕಡೆ ಬರೆಯೋದನ್ನೇ ಬರೆದಿದೆ," ಎಂದರು ಸಾಹೇಬರು.

"ಅಳತೆ ನೋಡದೆ ಬಟ್ಟೆ ಕತ್ತರಿಸಿದ್ರೆ ನೀವು ಸುಮ್ನೆ ಬಿಡ್ತೀರಾ ಸಾರ್? ಓದು ಮಗಾ. ಜೋರಾಗಿ."

ನಾನು ಫಾರಂ ಕಣ್ಣ ಹತ್ತಿರ ಹಿಡಿದೆ. "ಬೆಂಕಿಗೆ ಕಾರಣ: ಬಾಡಿಗೆದಾರರು ಒಲೆ ಉರಿಯಲು ಬಿಟ್ಟು ಹೊರಗೆ ಹೋದದ್ದು," ಎಂದು ಓದಿದೆ. "ಇದನ್ನು ಕೆಳಗೆ ಸಹಿ ಮಾಡಿದ ನಾವು ಕಣ್ಣಾರೆ ನೋಡಿರುತ್ತೇವೆ."

"ನಾನು ಕಣ್ಣಾರೆ ನೋಡಿದ್ದು ಬೋರ್ಡು ಉರಿಯೋದನ್ನ," ಎಂದಳು ಟೈಲರಕ್ಕ. "ಇದರಲ್ಲಿ ಬರೆದಿರೋ ಕಣ್ಣು ನಂದಲ್ಲ." ಪೆನ್ನಿನ ಕ್ಯಾಪು ಹಾಕಿದಳು.

"ಮೇನ್ ಎಳೆದವನು ನಾನು," ಎಂದ ಡ್ರೈವರಣ್ಣ. "ಒಲೆ ಬೆಂಕಿಗೆ ಯಾರಾದ್ರೂ ಮೇನ್ ಎಳೀತಾರಾ ಸಾರ್?"

"ಅಜ್ಜಿ, ನೀನು ಬಾ," ಎಂದರು ಯಜಮಾನರು. "ಹೆಬ್ಬೆಟ್ಟು ಒತ್ತು, ಸಾಕು."

"ಹೆಬ್ಬೆಟ್ಟಿಗೂ ಬಾಯಿದೆ ಕಣಪ್ಪಾ," ಎಂದಿತು ಅಜ್ಜಿ. "ನಿನ್ನ ಕರಾರು ಪತ್ರಕ್ಕೆ ಒಂದ್ಸಲ ಒತ್ತಿ ಬುದ್ಧಿ ಕಲಿತಿದೆ."

ಯಜಮಾನರು ಬೀದಿಗೆ ಹೋಗಿ ಎದುರಿನ ಸೈಕಲ್ ಅಂಗಡಿಯವನನ್ನು ಕರೆದರು. ಅವನು ಟೈರು ಬಿಡದೆ, "ನಾನು ಭಾನುವಾರ ಅಂಗಡಿ ತೆಗೆಯಲ್ಲ" ಎಂದ. ವಾಪಸು ಬಂದಾಗ ಅವರ ದನಿ ಇಳಿದಿತ್ತು. "ಅಮ್ಮಾ," ಎಂದರು ನನ್ನ ಅಮ್ಮನಿಗೆ, ಎಷ್ಟೋ ವರ್ಷಕ್ಕೆ ಮೊದಲ ಸಲ ಮರ್ಯಾದೆಯಿಂದ. "ನೀವಾದ್ರೂ ಇವರಿಗೆ ಹೇಳಿ. ಸಾಕ್ಷಿ ಇಲ್ಲದಿದ್ರೆ ಕಾಗದ ಮುಂದೆ ಹೋಗಲ್ಲ. ನಂಗೂ ಏನೂ ಬರಲ್ಲ."

"ಹಾಗಾದ್ರೆ ಈಗ ಬೆಂಕಿ ನಿಮಗೂ ಬಿದ್ದಿಲ್ಲ ಯಜಮಾನ್ರೇ," ಎಂದಳು ಅಮ್ಮ.

ಸಾಹೇಬರು ಗಡಿಯಾರ ನೋಡಿದರು. "ಮುಗಿಸ್ರೀ. ಇನ್ನೊಂದ್ಸಲ ಬಂದ್ರೆ ನಂಗೆ ಬಸ್ ಚಾರ್ಜೂ ಕೊಡಲ್ಲ."

"ಇನ್ನೊಂದು ಫಾರಂ ತೆಗೀರಿ ಸಾರ್," ಎಂದಳು ಟೈಲರಕ್ಕ. "ಕಾರಣದ ಜಾಗದಲ್ಲಿ ತಂತಿ ಅಂತ ಬರೀರಿ. ಎರಡು ವರ್ಷದಿಂದ ಹೇಳಿದ್ರೂ ರಿಪೇರಿ ಮಾಡಿಸಿಲ್ಲ ಅಂತಾನೂ. ಆ ಫೋಟೋನೂ ಲಗತ್ತು ಮಾಡಿ. ಒಂದು ನಿಮಿಷದಲ್ಲಿ ಸಾಕ್ಷಿ ಕೊಡ್ತೀವಿ, ಊಟಕ್ಕೆ ಹೋಗಿ."

ಸಾಹೇಬರು ನ್ಯಾಯದ ಕಡೆ ನೋಡಿದರೋ ಊಟದ ಕಡೆ ನೋಡಿದರೋ ನನಗೆ ಗೊತ್ತಿಲ್ಲ. ಚೀಲದಿಂದ ಹೊಸ ಫಾರಂ ತೆಗೆದರು. "ಹೇಳಿ," ಎಂದರು. ನಾನು ಒಂದೊಂದೇ ಮಾತು ಹೇಳಿದೆ, ಅವರು ಬರೆದರು. 'ತಂತಿ' ಬರೆದಾಯಿತೇ ಎಂದು ಬಗ್ಗಿ ನೋಡಿ ಮುಂದಿನ ಮಾತು ಹೇಳಿದೆ.

ಯಜಮಾನರು ಬಾಗಿಲಲ್ಲಿದ್ದವರ ಕಡೆ ತಿರುಗಿದರು. "ಇದಕ್ಕೆ ಯಾರು ಸಹಿ ಹಾಕ್ತೀರೋ ನೋಡ್ತೀನಿ. ಹಾಕಿದವರು ನಾಳೆಯೇ ರೂಮು ಬಿಡಬೇಕು."

ಯಾರೂ ಅಲುಗಾಡಲಿಲ್ಲ. ಟೈಲರಕ್ಕನಿಗೆ ಮೂರು ಮಕ್ಕಳು. ಡ್ರೈವರಣ್ಣನ ಹೆಂಡತಿ ಬಸುರಿ. ಅಜ್ಜಿಗೆ ಹೋಗಲು ಬೇರೆ ಮನೆಯೇ ಇಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ, ಕಾಲುಗಳನ್ನು ನೋಡಿದೆ. ಆರು ರೂಮಿನ ಕಾಲುಗಳೂ ಅಲ್ಲೇ ಇದ್ದವು.

ಮೊದಲು ಅಜ್ಜಿ ಒಳಗೆ ಬಂತು, ಹೆಬ್ಬೆರಳು ಮುಂದೆ ಹಿಡಿದುಕೊಂಡು. ಅದರ ಹಿಂದೆ ಡ್ರೈವರಣ್ಣ, ಅವನ ಹೆಂಡತಿ. ಆಮೇಲೆ ಟೈಲರಕ್ಕ. ಆಮೇಲೆ ನಮ್ಮ ಜೊತೆ ಎಂದೂ ಮಾತಾಡದ ಎರಡನೇ ರೂಮಿನ ಗಾರೆಯವನು, ಅವನ ತಮ್ಮ, ಅವನ ತಾಯಿ. ಬಾಗಿಲಲ್ಲಿ ಇನ್ನೂ ಜನ.

"ಅರೇ, ನಿಲ್ಲಿ ನಿಲ್ಲಿ!" ಸಾಹೇಬರು ಫಾರಮ್ಮಿಗೆ ಎರಡೂ ಕೈ ಅಡ್ಡ ಹಿಡಿದರು. "ಸಾಕ್ಷಿಗೆ ಇರೋದು ಎರಡೇ ಗೆರೆ. ಇಷ್ಟು ಜನಕ್ಕೆ ಜಾಗ ಎಲ್ಲಿದೆ?"

"ಪರವಾಗಿಲ್ಲ ಸಾರ್," ಎಂದಳು ಟೈಲರಕ್ಕ, ಅವರ ಕೈ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ. "ಸಣ್ಣದಾಗಿ ಹಾಕ್ತೀವಿ."